ಗುರವ್ವ ಕೊಡದ ಗುಳಿಗೆ

ತಂಗಡಗಿ ಊರಿನ ಸಗೀರಾಳ ಮನೆಗೂ ಗುರವ್ವನ ಮನೆಗೂ ನಡುವೆ ಇದ್ದದ್ದು ಒಂದು ಮೋಟುಗೋಡೆ. ಹೆಪ್ಪು, ಹಿಟ್ಟು, ಉಳ್ಳಾಗಡ್ಡಿ ಎಲ್ಲವೂ ಅದರ ಮೇಲೇ ಓಡಾಡುತ್ತಿದ್ದವು. ಎದೆಯಲ್ಲಿ ಗಂಟೊಂದು ಕೈಗೆ ಹತ್ತಿದಾಗಲೂ ಸಗೀರಾ ಗಂಡನಿಗೆ ಹೇಳದೆ ಆ ಗೋಡೆಗೇ ಬಂದಳು.

“ಅಕ್ಕಾ, ನಿನಗ ಎದಿ ಕ್ಯಾನ್ಸರ್ ಆದಾಗ ಆಪರೇಷನ್ ಮಾಡಿ ಗುಳಿಗಿ ಕೊಟ್ಟಾರಲ್ಲ, ನನಗೊಂದಿಷ್ಟು ಕೊಡು. ನನಗೂ ಗಂಟು ಆಗೇತಿ.”

ಗುರವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಗೋಡೆಯ ಹತ್ತಿರ ಬಂದಳು. ಆದರೆ ಗುಳಿಗೆ ಕೊಡಲಿಲ್ಲ.

“ಹೆಪ್ಪು ಕೊಡಾಕಿ, ಗುಳಿಗಿ ಯಾಕ ಕೊಡವಲ್ಲಿ?” ಸಗೀರಾಳಿಗೆ ಸಿಟ್ಟು ಬಂತು.

“ಹುಚ್ಚಿ, ಎಲ್ಲಾ ಗಂಟೂ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆದ್ರೂ ಎಲ್ಲಾರದೂ ಒಂದೇ ಅಲ್ಲ. ನನಗ ವಿಜಯಪುರ ದವಾಖಾನಿ ಡಾಕ್ಟರ್‌ಬಾಯಿ ಹೇಳ್ಯಾರ. ನಮ್ಮೂರಾಗ ಎಲ್ಲಾರ ಮನ್ಯಾಗೂ ಜ್ವಾಳ ಐತಿ. ಒಬ್ಬರು ರೊಟ್ಟಿ ಬಡೀತಾರ, ಇನ್ನೊಬ್ಬರು ನುಚ್ಚು ಕುದಸ್ತಾರ. ಮೈಯಾಗಿನ ಜೀವಕಣನೂ ಹಂಗ. ತಾಯಿ-ತಂದಿಯಿಂದ ಬಂದ ಜೀನುಗಳ ದಾಸ್ತಾನು ಒಂದೇ, ಯಾವುದನ್ನ ಒಲಿಗೆ ಏರಸ್ತಾವ ಅನ್ನೂದು ಬ್ಯಾರೆ. ಮೊದಲ ಊರ ಹೊರಗ ನಿಂತು ಹೊಗಿ ನೋಡಿದಂಗ ಗಂಟು ನೋಡ್ತಿದ್ರಂತ. ಈಗ ವಿಜ್ಞಾನಿಗಳು ಒಂದೊಂದೇ ಕಣದ ಅಡಗಿಮನಿ ಹೊಕ್ಕು ನೋಡಾಕತ್ತಾರ. ಒಂದೇ ಗಂಟಿನಾಗೂ ತರತರದ ಅಡಗಿ!”

ಸಗೀರಾ ತನ್ನ ಅಂಗೈ ನೋಡಿಕೊಂಡಳು. ಕಣ್ಣಿಗೆ ಕಾಣದ ಕಣದೊಳಗೆ ಇಷ್ಟೆಲ್ಲ ಸಂಸಾರವೇ? “ಸುಭಾನಲ್ಲಾ!” ಎಂದಳು.

ಆಸ್ಪತ್ರೆಗೆ ಹೋಗಿ ಸೂಜಿ ಪರೀಕ್ಷೆ ಮಾಡಿಸೋಣವೆಂದು ಗುರವ್ವ ಅವತ್ತೇ ಸಗೀರಾಳ ಗಂಡನಿಗೂ ಹೇಳಿದಳು. ಗಂಡ ಮಹಮ್ಮದಹನೀಫನಿಗೆ ಮಾತ್ರ ಅನುಮಾನ. “ಸೂಜಿ ಚುಚ್ಚಿ ನೋಡಿದ್ರ ರೋಗ ಹಬ್ಬತೈತಿ ಅಂತಾರಲ್ರಿ?”

“ನನಗೂ ಚುಚ್ಚ್ಯಾರಪ್ಪ. ಹಬ್ಬಿದ್ರ ಹಿಂಗ ನಿನ್ನ ಮುಂದ ನಿಂತು ಬೈತಿದ್ದೆನು?”

ಅವನು ನಕ್ಕ. ಮರುದಿನವೇ ಮೂವರೂ ವಿಜಯಪುರದ ಬಸ್ಸು ಹತ್ತಿದರು.

ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದೇ ಬಂತು. ಸಗೀರಾ ಅತ್ತಳು. ಡಾಕ್ಟರ್‌ಬಾಯಿ ಅವಳ ಕೈ ಹಿಡಿದು ಹೇಳಿದರು: “ಗುರವ್ವಂದು ಹಾರ್ಮೋನಿನ ಬಲದಾಗ ಬೆಳಿಯೂ ಜಾತಿ, ಆಕಿ ಗುಳಿಗಿ ಆ ಬಲಾನ ತಡೀತೈತಿ. ನಿಂದು ಆ ಜಾತಿ ಅಲ್ಲ. ಆಕಿ ಗುಳಿಗಿ ನುಂಗತಾ ಕುಂತಿದ್ರ ಗಂಟು ಬೆಳೀತಾನೇ ಇರ್ತಿತ್ತವ್ವ. ಇದಕ್ಕ ಬ್ಯಾರೆ ಔಷಧ ಐತಿ. ಗಂಟು ಸಣ್ಣದಿದ್ದಾಗ ಬಂದಿ, ಛಲೋ ಆತು.”

ಎರಡು ಗಂಟುಗಳು ಕೈಗೆ ಒಂದೇ ಥರ ಹತ್ತಿದ್ದವು. ಒಳಗಿನ ಲೋಕಗಳೇ ಬೇರೆ! ಸಗೀರಾಳಿಗೆ ಅಳುವಿನ ನಡುವೆಯೂ ಅಚ್ಚರಿ ತಡೆಯಲಾಗಲಿಲ್ಲ.

ಚಿಕಿತ್ಸೆ ಮುಗಿದು ತಲೆಯಲ್ಲಿ ಕೂದಲು ಮತ್ತೆ ಚಿಗುರುವಾಗ ಅವಳು ಬಟ್ಟಲು ಹಿಡಿದು ಗೋಡೆಗೆ ಬಂದಳು.

“ಅಕ್ಕಾ, ಹೆಪ್ಪು ಕೊಡು. ಅವತ್ತು ಗುಳಿಗಿ ಕೊಡಲಿಲ್ಲಲ್ಲ, ಅದಕ್ಕ ಇವತ್ತು ಕೇಳಾಕ ನಾ ಅದೀನಿ.”

ಅಕ್ಕತಂಗಿಯರೇ, ಎದೆಯಲ್ಲಿ ಗಂಟು, ಅಲ್ಲಿನ ಚರ್ಮದಲ್ಲಿ ಕುಳಿ, ಮೊಲೆತೊಟ್ಟಿನಿಂದ ರಕ್ತ ಕಂಡರೆ ನಾಚಬೇಡಿ, ಮುಚ್ಚಿಡಬೇಡಿ. ಬೇಗ ಆಸ್ಪತ್ರೆಗೆ ಹೋಗಿ, ಯಾವ ಜಾತಿಯ ಗಂಟೆಂದು ಪರೀಕ್ಷೆ ಮಾಡಿಸಿ. ನೆರೆಮನೆಯಿಂದ ಹೆಪ್ಪು ತನ್ನಿ, ಗುಳಿಗೆ ತರಬೇಡಿ.