ಬಂಡೆಯ ಎರಡಕ್ಷರ

ಅಂದು ಬೆಳಗಿನಿಂದ ನಮ್ಮೂರಿನಲ್ಲಿ ಯಾರೂ ಕುಳಿತಲ್ಲಿ ಕುಳಿತಿರಲಿಲ್ಲ. ಪ್ರವಾಸಿಗರನ್ನು ಹೊತ್ತು ದಿನವೂ ಹೊಳೆಯಲ್ಲಿ ಸುಮ್ಮನೆ ಹಾದುಹೋಗುವ ದೊಡ್ಡ ದೋಣಿ ಮೊದಲ ಸಲ ನಮ್ಮ ದಡದಲ್ಲಿ ಅರ್ಧ ಗಂಟೆ ನಿಲ್ಲುವುದಿತ್ತು. ನೋಡತಕ್ಕದ್ದು ಏನಾದರೂ ಇದೆಯೆಂದು ದೋಣಿಯ ಯಜಮಾನನಿಗೆ ಅನ್ನಿಸಿದರೆ ಇನ್ನು ದಿನವೂ ನಿಲ್ಲುವುದು, ಇಲ್ಲವಾದರೆ ಇಲ್ಲ.

ನನ್ನ ಮಗಳಿಗೆ ಅದು ಬದುಕಿನ ಪ್ರಶ್ನೆ. ಪೇಟೆಯ ಹೊಲಿಗೆ ಕಾರ್ಖಾನೆ ಬಿಟ್ಟು ಬಂದು, ದಡದ ಮೇಲಿನ ಹಳೆಯ ಕೊಠಡಿಗೆ ಸುಣ್ಣ ಬಳಿದು, ಆರು ಕುರ್ಚಿ ಹಾಕಿ ಚಹಾದಂಗಡಿ ತೆರೆದಿದ್ದಳು. ದೋಣಿ ನಿಲ್ಲದಿದ್ದರೆ ಸೋಮವಾರ ಮತ್ತೆ ಕಾರ್ಖಾನೆಗೆ. ಅವಳ ತಾಯಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ನಾನು ಪ್ರಾರ್ಥನೆ ಮುಗಿಸಿ, ಒಗೆದ ಅಂಗಿ ತೊಟ್ಟು ಹೊರಟೆ. ಮನಸ್ಸು ಭಾರವಾಗಿದ್ದರೂ ಕಾಲು ತಾನಾಗಿ ಓಡುತ್ತಿತ್ತು.

ದೋಣಿ ಬಂದಿತು. ಯಜಮಾನ ಇಳಿದ. ಇಪ್ಪತ್ತು ಪ್ರಯಾಣಿಕರು ಕಂಬಿ ಹಿಡಿದು ನಿಂತು ನೋಡಿದರು.

ಮೊದಲು ನೀರಿನ ಗಿರಣಿ. ಚಂದ ಕಾಣಲೆಂದು ಗಿರಣಿಯವನು ಹಿಂದಿನ ದಿನ ಚಕ್ರಕ್ಕೆ ಮೂರು ಸಲ ಬಣ್ಣ ಹೊಡೆದಿದ್ದ. ಅಚ್ಚನ್ನೂ ಬಿಟ್ಟಿರಲಿಲ್ಲ. ಎಲ್ಲವೂ ಅಂಟಿಕೊಂಡು ಚಕ್ರ ಮಿಸುಕಲಿಲ್ಲ.

"ನಿನ್ನೆವರೆಗೂ ತಿರುಗ್ತಿತ್ತು ಸ್ವಾಮಿ," ಎಂದ.

"ಮದುಮಗಳ ಹಾಗೆ ಸಿಂಗರಿಸಿದ್ದೀಯಲ್ಲ, ನಾಚ್ಕೊಂಡು ನಿಂತಿದೆ," ಎಂದು ಊರಿನ ಕ್ಷೌರಿಕ ನಕ್ಕ.

ಅಲ್ಲಿಂದ ನೀರುನಾಯಿಗಳ ಮಡುವಿಗೆ ಹೋದೆವು. ಅರ್ಧ ಊರೇ ಬೆನ್ನು ಹತ್ತಿದ ಗದ್ದಲಕ್ಕೆ ಒಂದೂ ತಲೆ ಎತ್ತಲಿಲ್ಲ. ಯಜಮಾನ ಗಡಿಯಾರ ನೋಡಿಕೊಂಡ.

ಉಳಿದದ್ದು ಆಚೆ ದಡದ ಬಂಡೆ. ಈಚೆಯ ಮೆಟ್ಟಿಲ ಮೇಲೆ ನಿಂತು ಕೂಗಿದರೆ ಅದು ಕೊನೆಯ ಎರಡಕ್ಷರವನ್ನು ಹಿಂದಿರುಗಿಸುತ್ತದೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಕ್ಷೌರಿಕ ಗಂಟಲು ಸರಿಮಾಡಿಕೊಂಡು, ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದನ್ನು ಕೂಗಿದ.

"ಯಜಮಾನರಿಗೆ ಊರಿನ ಪರವಾಗಿ ಹೃತ್ಪೂರ್ವಕ ಸ್ವಾಗತ."

"ಗತ... ಗತ..." ಎಂದಿತು ಬಂಡೆ.

ದೋಣಿಯಲ್ಲಿದ್ದವರು ಗೊಳ್ಳೆಂದು ನಕ್ಕರು.

"ಈ ಊರಿನ ಕಾಲ ಮುಗೀತು ಅಂತ ನಿಮ್ಮ ಬಂಡೇನೇ ಹೇಳ್ತಿದೆಯಲ್ಲಪ್ಪ," ಎಂದು ಯಜಮಾನ ದೋಣಿಯತ್ತ ತಿರುಗಿದ.

ಮಗಳು ನನ್ನ ತೋಳು ಹಿಡಿದಳು. "ಅಪ್ಪಾ, ಅಮ್ಮ ನಿಮ್ಮನ್ನ ಕರೀತಿದ್ಳಲ್ಲ, ಹಾಗೆ ಕರೀರಿ."

"ನನ್ನ ಕೈಲಾಗಲ್ಲ ಮಗಳೇ."

"ಸೋಮವಾರ ನನ್ನ ಪೆಟ್ಟಿಗೆ ಹೊತ್ಕೊಂಡು ಬಸ್‌ಸ್ಟಾಪಿಗೆ ಬರೋದಾದ್ರೆ ಕೈಲಾಗುತ್ತಾ?"

ನಾನು ಆಚೆ ದಡದ ಮಿಲ್ಲಿನಲ್ಲಿ ಮರ ಕೊಯ್ಯುತ್ತಿದ್ದ ಮೂವತ್ತು ವರ್ಷ, ನನ್ನಾಕೆ ಮಧ್ಯಾಹ್ನ ಇದೇ ಮೆಟ್ಟಿಲಿನಿಂದ ಕರೆಯುತ್ತಿದ್ದಳು. ಅವಳದೊಂದು ಕರೆ, ಬಂಡೆಯದೊಂದು. ಕೇಳಿಸಲಿಲ್ಲವೆಂದು ನೆವ ಹೇಳುವಂತಿರಲಿಲ್ಲ. ದೇವರನ್ನು ನೆನೆದು, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ನಾಲ್ಕು ತಿಂಗಳಿಂದ ಪಿಸುಮಾತನ್ನು ಮೀರದಿದ್ದ ಗಂಟಲನ್ನೆತ್ತಿ ಕೂಗಿದೆ.

"ಊಟಕ್ಕೆ ಬನ್ನಿ."

"ಬನ್ನಿ... ಬನ್ನಿ..."

ಯಜಮಾನ ದೋಣಿ ಹತ್ತುವ ಹಲಗೆಯ ಮೇಲಿಟ್ಟ ಕಾಲನ್ನು ಅಲ್ಲೇ ನಿಲ್ಲಿಸಿದ. ದೋಣಿಯಲ್ಲಿದ್ದ ಒಬ್ಬ ಅಜ್ಜಿ, "ಹೊಟ್ಟೆನೂ ಹಸಿದಿದೆ, ಕರೆದೂ ಇದ್ದಾರೆ. ಇಳೀರೋ," ಎಂದಳು. ಇಪ್ಪತ್ತು ಜನವೂ ದಡದಡನೆ ಇಳಿದುಬಿಟ್ಟರು.

"ಅಪ್ಪಾ, ನನ್ನ ಹತ್ರ ಇರೋದು ಚಹಾ, ಬಿಸ್ಕತ್ತು," ಎಂದು ಮಗಳು ಪಿಸುಗುಟ್ಟಿದಳು.

"ಹಾಗೇ ಕರೀರಿ ಅಂದೋಳು ನೀನೇ ತಾನೇ?"

ಆಮೇಲೆ ಊರಿಗೆ ಊರೇ ಓಡಿತು. ಗಿರಣಿಯವನ ಹೆಂಡತಿ ಒಲೆಯ ಮೇಲಿನ ಪಾತ್ರೆಯನ್ನು ಇದ್ದ ಹಾಗೆಯೇ ಎತ್ತಿ ತಂದಳು. ಕ್ಷೌರಿಕ ಅಂಗಡಿಯ ಬೆಂಚು ಹೊತ್ತು ತಂದ; ಮುಖಕ್ಕೆ ಸಾಬೂನಿನ ನೊರೆ ಹಚ್ಚಿಸಿಕೊಂಡು ಆಗಿನಿಂದಲೂ ಅದರ ಮೇಲೆ ಕಾದು ಕುಳಿತಿದ್ದ ಗಿರಾಕಿಯೂ ಅದರ ಹಿಂದೆಯೇ ಬಂದ. ಪಂಕ್ತಿಗೆ ಕಾಯುತ್ತಿದ್ದವರು ಮೆಟ್ಟಿಲ ಮೇಲೆ ಸಾಲು ನಿಂತು ತಮ್ಮ ತಮ್ಮ ಮಾತು ಕೂಗಿ, ಬಂಡೆಯ ಉತ್ತರಕ್ಕೆ ಚಪ್ಪಾಳೆ ತಟ್ಟಿದರು. ಅರ್ಧ ಗಂಟೆ ಎರಡು ಗಂಟೆಯಾಯಿತು.

ಯಜಮಾನ ಕೈ ತೊಳೆದು ಬಂದ. "ನಾಳೆ ಮೂವತ್ತು ಜನ. ಇದೇ ಹೊತ್ತಿಗೆ ಬರ್ತೀವಿ, ದಿನಾ ಬರ್ತೀವಿ. ಸುಧಾರಿಸ್ತೀಯಾ ತಂಗಿ?"

"ಬನ್ನಿ ಅಣ್ಣ," ಎಂದಳು ಮಗಳು. ಆಮೇಲೆ ಆಲೂಗಡ್ಡೆಯ ಚೀಲವನ್ನೂ ಚಾಕುವನ್ನೂ ನನ್ನ ಮುಂದಿಟ್ಟಳು. "ಕರೆದೋರು ನೀವು. ಸಿಪ್ಪೆ ತೆಗೀರಿ."