ರೇಡಿಯೋ ನಿಂತ ನಾಲ್ಕು ಗಂಟೆ

ಜೆ.ಪಿ. ನಗರದ ಆ ಪುಟ್ಟ ಸಮುದಾಯ ರೇಡಿಯೋ ಬೆಳಿಗ್ಗೆ ಎಂಟಕ್ಕೇ ನಿಂತುಹೋಗಿತ್ತು. ಹನ್ನೊಂದಾದರೂ ಯಾಕೆ ಬರುತ್ತಿಲ್ಲವೆಂದು ಒಂದು ಫೋನೂ ಬಂದಿರಲಿಲ್ಲ. ಹದಿನಾಲ್ಕು ವರ್ಷದಿಂದ ಅಲ್ಲಿನ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಕಮಲಾದೇವಿಗೆ ಟ್ರಾನ್ಸ್‌ಮಿಟರ್ ಕೆಟ್ಟಿದ್ದಕ್ಕಿಂತ ಅದೇ ಹೆಚ್ಚು ಸುಸ್ತು ತಂದಿತು.

"ಬಿಡಿ ಮೇಡಂ, ಮೊಬೈಲ್ ಆ್ಯಪ್‌ನಲ್ಲಿ ಬರ್ತಾನೇ ಇದೆ. ಸೋಮವಾರ ನೋಡೋಣ," ಎಂದ ಮ್ಯಾನೇಜರ್ ವಿಜಯಕುಮಾರ್.

ಐವತ್ತಾರು ವರ್ಷದ ಅವಳ ಮಂಡಿಗಳಿಗೂ ಅದೇ ಬೇಕಿತ್ತು. ಆದರೆ ಕೆಟ್ಟದ್ದನ್ನು ಹಾಗೇ ಬಿಟ್ಟು ಎದ್ದುಹೋಗಿ ಅವಳಿಗೆ ಅಭ್ಯಾಸವಿರಲಿಲ್ಲ. ಟ್ರಾನ್ಸ್‌ಮಿಟರಿನ ಪ್ಲಗ್ ಕಿತ್ತು, ಸ್ಪ್ಯಾನರ್ ಚೀಲ ಹೆಗಲಿಗೇರಿಸಿದಳು. ನಾಲ್ಕು ಮಹಡಿ ಹತ್ತುವಷ್ಟರಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಂಡಳು.

ತಾರಸಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಸೊಂಟಕ್ಕೆ ಬೆಲ್ಟ್ ಬಿಗಿದು ಆಂಟೆನಾ ಕಂಬ ಏರಿದಳು. ಕೇಬಲ್ಲು ಆಂಟೆನಾಗೆ ಕೂಡುವ ಕಡೆ ಟೇಪು ಬಿರಿದು, ಎರಡು ದಿನದ ಮಳೆ ಒಳಗಿಳಿದಿತ್ತು. ಕನೆಕ್ಟರ್ ಬಿಚ್ಚಿದರೆ ನೀರು ಅಂಗೈ ಮೇಲೆ ತೊಟ್ಟಿಕ್ಕಿತು, ತಾಮ್ರ ಹಸಿರುಗಟ್ಟಿತ್ತು. ತುದಿ ಕತ್ತರಿಸಿ ಹೊಸದು ಕೂರಿಸಿ, ಮೇಲೆ ಟೇಪು ಬಿಗಿದಳು. ಮೊದಲಾದರೆ ಇಪ್ಪತ್ತು ನಿಮಿಷದ ಕೆಲಸ. ಇವತ್ತು ಒಂದು ಗಂಟೆ ಹಿಡಿಯಿತು.

ಕೆಳಗೆ ಬಂದು ಪ್ಲಗ್ ಸಿಕ್ಕಿಸಿ ಸ್ವಿಚ್ ಒತ್ತಿದಳು. ಮೀಟರಿನ ಮುಳ್ಳು ಮೇಲೆದ್ದು ನಿಂತಿತು.

"ಥ್ಯಾಂಕ್ಸ್ ಮೇಡಂ," ಎಂದ ವಿಜಯಕುಮಾರ್, ಮೊಬೈಲಿನಿಂದ ತಲೆಯೆತ್ತದೆ.

ಅವಳು ಕುರ್ಚಿಯಲ್ಲಿ ಕುಸಿದು ಕಣ್ಣು ಮುಚ್ಚಿದ್ದಾಗ ಸ್ಟುಡಿಯೋ ಫೋನ್ ಬಡಿದುಕೊಂಡಿತು.

"ಅಕ್ಕ, ನಾನು ತಿಮ್ಮರಾಯಪ್ಪ. ಚಿಕ್ಕಲಸಂದ್ರದಲ್ಲಿ ಇಸ್ತ್ರಿ ಗಾಡಿ ಇಟ್ಕೊಂಡಿದೀನಿ. ಯಾವ್ದಾದ್ರೂ ಹಳೇ ಹಾಡು ಹಾಕ್ತೀರಾ?"

"ಹಾಕಿಸ್ತೀನಿ. ಬೆಳಿಗ್ಗೆ ನಮ್ದು ಬರ್ತಿರ್ಲಿಲ್ಲ, ಅಲ್ವಾ?"

"ನಿಮ್ದೇನಿಲ್ಲ ಬಿಡಿ, ನನ್ ರೇಡಿಯೋನೇ ಕೆಟ್ಟೋಗಿತ್ತು! ತಿರುಗ್ಸೋ ಗುಂಡಿ ಹೋಗಿ ವರ್ಷ ಆಯ್ತು, ನಿಮ್ ಸ್ಟೇಷನ್ ಒಂದೇ ಬರೋದು. ಇವತ್ತು ಅದೂ ಇಲ್ಲ. ಸೆಲ್ ಬದಲಾಯಿಸ್ದೆ, ಬಿಚ್ಚಿ ಧೂಳು ಒರೆಸ್ದೆ, ಬಟ್ಟೆಯೆಲ್ಲ ಹಂಗೇ ಬಿದ್ದಿತ್ತು. ಈಗ ತಾನೇ ಒಂದು ವೈರ್ ಒತ್ತಿದೆ ನೋಡಿ, ಸಖತ್ತಾಗಿ ಬರ್ತಾ ಇದೆ!"

ನಿಜ ಹೇಳಲು ಬಾಯಿ ತೆರೆದಳು. ಆ ದನಿಯಲ್ಲಿದ್ದ ಹೆಮ್ಮೆಗೆ ಮಾತು ಅಲ್ಲೇ ನಿಂತಿತು. ಇಡೀ ಬೆಳಿಗ್ಗೆ ತನ್ನಂತೆಯೇ ಇನ್ನೊಬ್ಬರೂ ಒದ್ದಾಡಿದ್ದಾರೆ.

"ಒಳ್ಳೇ ಕೈ ನಿಮ್ದು ಅಣ್ಣ," ಎಂದಳು. "ಆ ವೈರ್‌ನ ಹಂಗೇ ಬಿಡಿ, ಮುಟ್ಟೋಕೆ ಹೋಗ್ಬೇಡಿ."

ಅವನ ಹೆಸರು ಚೀಟಿಯಲ್ಲಿ ಬರೆದು ಸ್ಟುಡಿಯೋದೊಳಗೆ ಕೊಟ್ಟು, ಊಟದ ಡಬ್ಬಿ ಬಿಚ್ಚಿದಳು. ಚಿತ್ರಾನ್ನ ಆರಿ ಗಟ್ಟಿಯಾಗಿತ್ತು. ಒಂದಗುಳೂ ಬಿಡದೆ ತಿಂದಳು.