ಚಿಲಕ ಬಿಚ್ಚಿದ ಬಾಗಿಲು

ನನ್ನ ಬಾಯಿ ಸ್ವಲ್ಪ ಜೋರು, ಒಪ್ಪುತ್ತೇನೆ. ದಿನವಿಡೀ ಹೊಲಿಗೆ ಮಿಶನ್ನಿನ ಸದ್ದಿನ ಮೇಲೆ ಮಾತಾಡುವವಳ ದನಿ ಇನ್ನು ಹೇಗಿರುತ್ತದೆ? ಆದರೆ ಶಿಕ್ಷಣ ಇಲಾಖೆಯ ಸಾಹೇಬರು ಬದಲಿ ಶಾಲೆಗೆ ಬಂದ ದಿನ ಮಾತ್ರ ಸುಮ್ಮನೆ ಕೂತಿದ್ದೆ. ಅವರ ಮಾತೋ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಗುಬ್ಬಿ ನನ್ನ ತೀರಿಹೋದ ಅಕ್ಕನ ಮಗಳು. ದೊಡ್ಡ ಹೈಸ್ಕೂಲಿನಲ್ಲಿದ್ದಾಗ ಜೊತೆಯ ಹುಡುಗಿಯರು ಇವಳನ್ನು ಆಟದ ಸಾಮಾನಿನ ಕೋಣೆಗೆ ತಳ್ಳಿ, ಹೊರಗಿನಿಂದ ಚಿಲಕ ಹಾಕಿ ಮನೆಗೆ ಹೋಗಿಬಿಟ್ಟರು. ಡ್ರಿಲ್ ಮೇಷ್ಟ್ರು ಬಾಗಿಲು ಹಾಕಿರುವುದನ್ನು ನೋಡಿ ನೆಮ್ಮದಿಯಿಂದ ತಾವೂ ಹೋದರು. ಕತ್ತಲಾದ ಮೇಲೆ ಹುಡುಕಿಕೊಂಡು ಹೋಗಿ ನಾನೇ ತೆಗೆದೆ. ಕೂಗಿ ಕೂಗಿ ಮಗುವಿನ ಗಂಟಲಲ್ಲಿ ದನಿಯೇ ಉಳಿದಿರಲಿಲ್ಲ. ಆಮೇಲೆ ಅವಳು ಆ ಶಾಲೆಯ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಸ್ನಾನಕ್ಕೆ ಹೋದರೂ ಬಚ್ಚಲ ಬಾಗಿಲು ಅರ್ಧ ತೆರೆದೇ ಇರಬೇಕು, ಹೊರಗೆ ನಾನು ಕಾವಲು ನಿಂತಿರಬೇಕು.

ಬದಲಿ ಶಾಲೆ ಇದ್ದದ್ದು ಹಳೇ ಅಂಚೆ ಕಚೇರಿಯ ಮಹಡಿಯಲ್ಲಿ. ಒಂದಲ್ಲ ಒಂದು ಕಾರಣಕ್ಕೆ ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟ ಮಕ್ಕಳು ಅಲ್ಲಿ ಓದುತ್ತಿದ್ದರು. ಮೊದಲ ದಿನ ಗುಬ್ಬಿ ಹೊಸ್ತಿಲಲ್ಲೇ ನಿಂತು ಬಾಗಿಲ ಚಿಲಕ ತೋರಿಸಿದಳು. ಶಾಲೆ ನಡೆಸುತ್ತಿದ್ದ ಮೇಡಂ ಮೇಜಿನಿಂದ ಸ್ಕ್ರೂಡ್ರೈವರ್ ತಂದು ಅವಳ ಕೈಗೆ ಕೊಟ್ಟರು.

“ಬೇಡ ಅನ್ಸಿದ್ರೆ ನೀನೇ ಬಿಚ್ಚಮ್ಮ.”

ಬಿಚ್ಚಿದಳು. ಅಂದಿನಿಂದ ಆ ಬಾಗಿಲಿಗೆ ಒಂದು ಕಲ್ಲೇ ಆಧಾರ. ಗುಬ್ಬಿ ಅಲ್ಲಿ ಬೀಜಗಣಿತ ಕಲಿತಳು, ನಗುವುದು ಕಲಿತಳು, ನನಗೇ ಎದುರುತ್ತರ ಕೊಡುವುದನ್ನೂ ಕಲಿತಳು. ಬಚ್ಚಲ ಕಾವಲು ನನಗೆ ತಪ್ಪಿತು. ಇನ್ನು ಹತ್ತನೇ ತರಗತಿಯ ಪರೀಕ್ಷೆಯೊಂದು ಮುಗಿದರೆ ಸಾಕಿತ್ತು.

ಅಷ್ಟರಲ್ಲಿ ಸಾಹೇಬರು ಬಂದರು. ಕಟ್ಟಡ ಹಳೆಯದು, ಶಾಲೆಯನ್ನು ಬೇರೆ ಕಡೆ ಸಾಗಿಸುವ ಯೋಚನೆ ಸರ್ಕಾರಕ್ಕಿದೆ, ಎಲ್ಲರ ಅಭಿಪ್ರಾಯ ಕೇಳಬೇಕು ಎಂದರು. ಮಕ್ಕಳು ಎಷ್ಟು ಚೇತರಿಸಿಕೊಂಡಿದ್ದಾರೆಂದು ತೋರಿಸಿದರೆ ಶಾಲೆ ಉಳಿಯುತ್ತದೆಂದು ಮೇಡಂ ನಂಬಿದ್ದರು. ಪಾಪ, ನಾವೂ ನಂಬಿದೆವು. ಗುಬ್ಬಿ ಎದ್ದು ನಿಂತಳು.

“ಮೊದ್ಲು ನಾನು ಕೋಣೆ ಒಳಗೇ ಕೂರ್ತಿರ್ಲಿಲ್ಲ ಸರ್. ಈಗ ಯಾವ ಕೋಣೇಲಿ ಬೇಕಾದ್ರೂ ಕೂರ್ತೀನಿ.”

ಎಲ್ಲರೂ ಚಪ್ಪಾಳೆ ತಟ್ಟಿದೆವು. ಸಾಹೇಬರೂ ತಟ್ಟಿದರು.

“ಯಾವ ಕೋಣೇಲಿ ಬೇಕಾದ್ರೂ?” ಎಂದು ಮತ್ತೊಮ್ಮೆ, ನಿಧಾನವಾಗಿ ಕೇಳಿದರು.

“ಹೂಂ ಸರ್.”

ಹಿಂದೆ ಅವರ ಸಹಾಯಕ ಆಗಲೇ ಟೇಪು ಹಿಡಿದು ಬೆಂಚುಗಳನ್ನು ಅಳೆಯುತ್ತಿದ್ದ. ಅಳತೆ ತೆಗೆದ ಮೇಲೆ ಕತ್ತರಿ ಬಂದೇ ಬರುತ್ತದೆ, ಅದು ನನ್ನ ಕಸುಬು.

ಆದೇಶವೂ ಬಂತು. ಬದಲಿ ಶಾಲೆ ಇನ್ನು ದೊಡ್ಡ ಹೈಸ್ಕೂಲಿನ ಹಿಂಭಾಗದಲ್ಲಿ! ಮೇಡಂ ಜೊತೆ ಕಚೇರಿಗೆ ಹೋಗಿ ಕೂಗಾಡಿದೆ. ಸಾಹೇಬರು ಕುರ್ಚಿ ಕೊಟ್ಟರು, ನೀರು ತರಿಸಿದರು.

“ನಿಮ್ ಹುಡುಗೀನೇ ಹೇಳಿದ್ಲಲ್ಲಮ್ಮ, ಯಾವ ಕೋಣೆಯಾದ್ರೂ ಸರಿ ಅಂತ. ನಮಗೆ ಧೈರ್ಯ ಬಂದಿದ್ದೇ ಅದ್ರಿಂದ.”

“ಆ ಶಾಲೆಗೆ ಹೆದರಿ ಓಡಿಬಂದ ಮಕ್ಕಳು ಸ್ವಾಮಿ ಇವು!”

“ಬಣ್ಣ ಹೊಡೆಸಿದ್ದೀವಿ,” ಎಂದರು ಸಾಹೇಬರು.

ಹೊಸ ಜಾಗದ ಮೊದಲ ದಿನ ನಾನೂ ಜೊತೆಗೆ ಹೋದೆ. ಮೈದಾನ ದಾಟಿದರೆ ಅದೇ ಆಟದ ಸಾಮಾನಿನ ಕೋಣೆ. ಸೂರಿನ ಹತ್ತಿರ ಅದೇ ಪುಟ್ಟ ಕಿಟಕಿ, ಹೊಸ ಬಣ್ಣದ ಅಡಿಯಿಂದ ಹಳೇ ಚೆಂಡುಗಳ ವಾಸನೆ. ಬಾಗಿಲಿಗೆ ಹೊರಗಡೆಯಿಂದ ಅದೇ ಚಿಲಕ. ಗುಬ್ಬಿ ಸುಣ್ಣದಂತೆ ಬಿಳಿಚಿಕೊಂಡಳು. ಆಮೇಲೆ ಚೀಲಕ್ಕೆ ಕೈಹಾಕಿ ನನ್ನ ಮಿಶನ್ನಿನ ಸ್ಕ್ರೂಡ್ರೈವರ್ ತೆಗೆದಳು.

“ಏಯ್! ಸರ್ಕಾರಿ ಆಸ್ತಿ ಅದು!” ಡ್ರಿಲ್ ಮೇಷ್ಟ್ರು ಓಡಿಬಂದರು.

“ಅವಳನ್ನ ಮುಟ್ಟಿ ನೋಡಿ,” ಎಂದು ಅಡ್ಡ ನಿಂತೆ. ಮೇಡಂ ಕೂಡ ನನ್ನ ಪಕ್ಕಕ್ಕೆ ಬಂದು ನಿಂತರು.

ಚಿಲಕ ಕಳಚಿ ನೆಲಕ್ಕೆ ಬಿತ್ತು. ಗುಬ್ಬಿ ಒಳಗೆ ಹೋಗಿ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು ಪುಸ್ತಕ ತೆರೆದಳು. ಭಲೇ ನನ್ನ ಗುಬ್ಬಿ! ಆನೆ ಬಲ ಬಂದಂತಾಗಿ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಆ ಮರದ ಬಾಗಿಲೇ ಇರಲಿಲ್ಲ. ಸೋರುವ ನಲ್ಲಿ ಸರಿಮಾಡಲು ವರ್ಷಗಟ್ಟಲೆ ಕಾಯಿಸುವ ಸರ್ಕಾರ ಒಂದೇ ರಾತ್ರಿಯಲ್ಲಿ ಕಬ್ಬಿಣದ ಬಾಗಿಲು ನಿಲ್ಲಿಸಿತ್ತು. ಹೊರಗಡೆ ಹೆಬ್ಬೆರಳು ಗಾತ್ರದ ಚಿಲಕ, ಬಾಗಿಲಿಗೇ ವೆಲ್ಡಿಂಗ್ ಮಾಡಿದ್ದು. ಗುಬ್ಬಿ ಅದರ ಮೇಲೆಲ್ಲ ಬೆರಳಾಡಿಸಿ ಸ್ಕ್ರೂ ಹುಡುಕಿದಳು. ಒಂದೂ ಇರಲಿಲ್ಲ. ಮೇಷ್ಟ್ರು ದೂರದಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದರು.

ಸ್ಕ್ರೂಡ್ರೈವರನ್ನು ನನ್ನ ಕೈಯಲ್ಲಿಟ್ಟಳು. “ತಗೋ ಚಿಕ್ಕಮ್ಮ, ನಿನ್ ಮಿಶನ್‌ಗೆ ಬೇಕಾಗುತ್ತೆ.”

ಮೇಡಂ ಕರೆಯುತ್ತಲೇ ಇದ್ದರು. ಅವಳು ಗೇಟಿನ ಕಡೆ ನಡೆದುಬಿಟ್ಟಳು. ದಾರಿಯುದ್ದಕ್ಕೂ ನಾನು ಸರ್ಕಾರಕ್ಕೆ ಹಿಡಿಶಾಪ ಹಾಕಿದೆ.

ಸಂಜೆ ಮಿಶನ್ ಮುಂದೆ ಕೂತಿದ್ದೆ. ಬಚ್ಚಲಲ್ಲಿ ನೀರು ಸುರಿಯುವ ಸದ್ದು ನಿಂತಿತು. ತಿರುಗಿ ನೋಡಿದರೆ ಬಾಗಿಲು ಅರ್ಧ ತೆರೆದಿತ್ತು.

“ಚಿಕ್ಕಮ್ಮ, ಅಲ್ಲೇ ಇದ್ದೀಯಾ?”

ನಾನು ಹೊಲಿಗೆ ಬಿಟ್ಟೆದ್ದು ಹೋಗಿ ಬಾಗಿಲ ಹತ್ತಿರ ನಿಂತೆ.